ಶೇ. 15 ಡಿಸ್ಕೌಂಟ್‌ಗೆ ಸಿಗುವ ಕ್ಲೋಸ್ಡ್-ಎಂಡ್ ಫಂಡ್: ಕೊಳ್ಳುವ ಮುನ್ನ ಏನು ನೋಡಬೇಕು, ಬಡ್ಡಿ ಇಳಿದರೆ ಮುಂದೇನು?

ಆಯವ್ಯಯ (ಪ್ರಶ್ನೆ)

ನ್ಯೂಯಾರ್ಕ್ ಷೇರುಪೇಟೆಯಲ್ಲಿರುವ ಒಂದು ಬಾಂಡ್ ಕ್ಲೋಸ್ಡ್-ಎಂಡ್ ಫಂಡ್ (ಷೇರುಗಳ ಸಂಖ್ಯೆ ನಿಗದಿಯಾಗಿದ್ದು, ಪೇಟೆಯಲ್ಲೇ ಕೊಂಡು ಮಾರಬೇಕಾದ ಫಂಡ್) ಕೊಳ್ಳುವ ಯೋಚನೆ ಇದೆ. ವಿವರ ಇಷ್ಟು: ಎನ್‌ಎವಿ (ಸಾಲ ಕಳೆದು ಷೇರೊಂದರ ಹಿಂದಿರುವ ಸ್ವತ್ತಿನ ಮೌಲ್ಯ) 20 ಡಾಲರ್, ಪೇಟೆ ಬೆಲೆ 17 ಡಾಲರ್, ಅಂದರೆ ಶೇ. 15 ಡಿಸ್ಕೌಂಟ್. ತಿಂಗಳಿಗೆ 14 ಸೆಂಟ್ ಹಂಚುತ್ತಾರೆ. ವರ್ಷಕ್ಕೆ 1.68 ಡಾಲರ್ ಆಯಿತು, 17ರ ಮೇಲೆ ಸುಮಾರು ಶೇ. 9.9. ಷೇರೊಂದಕ್ಕೆ 10 ಡಾಲರ್ ಸಾಲ ಎತ್ತಿ ಒಟ್ಟು 30 ಡಾಲರ್ ಹೂಡಿದ್ದಾರೆ. ಒಳಗಿರುವುದು ಹೆಚ್ಚಿನಂಶ ಸ್ಥಿರ ಬಡ್ಡಿಯ ಕಾರ್ಪೊರೇಟ್ ಬಾಂಡ್, ಸರಾಸರಿ ಆದಾಯ ಶೇ. 7.5. ಸಾಲದ ಬಡ್ಡಿ ಶೇ. 5.4, ನಿರ್ವಹಣಾ ಶುಲ್ಕ ಶೇ. 1.

20 ಡಾಲರಿನ ಸ್ವತ್ತು 17ಕ್ಕೆ ಸಿಗುತ್ತಿದೆ ಎಂದರೆ ಇದು ಸೋವಿಯೇ? ಈ ಶೇ. 9.9 ಮುಂದೆಯೂ ಉಳಿಯುತ್ತದೆಯೇ? ಅಮೆರಿಕದಲ್ಲಿ ಬಡ್ಡಿದರ ಇಳಿದರೆ ಇಂಥ ಫಂಡ್‌ಗಳಿಗೆ ಒಳ್ಳೆಯ ಕಾಲ ಎಂಬ ಮಾತು ಎಷ್ಟು ಸರಿ? ತಿಳಿದವರು ಲೆಕ್ಕ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ನಿಧಿಲೆಕ್ಕ

ಎರಡನೇ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಉಳಿದೆರಡೂ ಅದರ ಮೇಲೇ ನಿಂತಿವೆ.

ಶೇ. 9.9 ಅನ್ನು ಪಕ್ಕಕ್ಕಿಡಿ. ಫಂಡ್ ದುಡಿಯುವುದು ನೀವು ಕೊಟ್ಟ 17 ಡಾಲರ್ ಮೇಲಲ್ಲ, ಒಳಗಿರುವ 20ರ ಮೇಲೆ. 1.68 ಅನ್ನು 20ರಿಂದ ಭಾಗಿಸಿದರೆ ಶೇ. 8.4. ಖರ್ಚೆಲ್ಲ ಕಳೆದು ವರ್ಷಕ್ಕೆ ಇಷ್ಟು ದುಡಿದರೆ ಮಾತ್ರ ಎನ್‌ಎವಿ ಇದ್ದಲ್ಲೇ ಇರುತ್ತದೆ. ದುಡಿಯುತ್ತಿದೆಯೇ ನೋಡೋಣ, ಎಲ್ಲವೂ ಷೇರೊಂದರ ಲೆಕ್ಕ:

ಬಾಂಡ್‌ಗಳಿಂದ ಬರುವುದು 30ರ ಮೇಲೆ ಶೇ. 7.5, ಅಂದರೆ 2.25 ಡಾಲರ್.
ಸಾಲದ ಬಡ್ಡಿ 10ರ ಮೇಲೆ ಶೇ. 5.4, ಅಂದರೆ 0.54.
ನಿರ್ವಹಣಾ ಶುಲ್ಕ 0.30. ಲೆಕ್ಕಪತ್ರ, ಕಾನೂನು ಇತ್ಯಾದಿಗೆ 0.03 ಇಟ್ಟುಕೊಳ್ಳಿ.
ಉಳಿಯುವುದು 1.38.

ಹಂಚುತ್ತಿರುವುದು 1.68. ಆದಾಯ ಹಂಚಿಕೆಯ ಶೇ. 82ರಷ್ಟನ್ನು ಮಾತ್ರ ಮುಟ್ಟುತ್ತದೆ. ಉಳಿದ 30 ಸೆಂಟ್ ಬಾಂಡ್ ಮಾರಿದ ಲಾಭದಿಂದ ಬರಬೇಕು, ಇಲ್ಲವಾದರೆ ಅಸಲಿಗೇ ಕೈ ಹಾಕಬೇಕು. ಇದೇ ಫಂಡ್ 2021ರಲ್ಲಿ ಹೇಗಿದ್ದೀತು ನೋಡಿ. ಆಗ ಇಂಥ ಸಾಲ ಶೇ. 1ರ ಆಸುಪಾಸಿನಲ್ಲಿ ಸಿಗುತ್ತಿತ್ತು. ಬಡ್ಡಿ 10 ಸೆಂಟ್, ಉಳಿಕೆ 1.82, ಹಂಚಿ ಮಿಗುತ್ತಿತ್ತು. ಬಾಂಡ್‌ಗಳು ಹಾಗೇ ಇದ್ದರೂ ಸಾಲದ ಬಡ್ಡಿಯೊಂದೇ ಚಿತ್ರವನ್ನು ತಿರುಗಿಸುತ್ತದೆ.

ಶುಲ್ಕ ಯಾವುದರ ಮೇಲೆ ಎಂಬುದನ್ನು ವಾರ್ಷಿಕ ವರದಿಯಲ್ಲಿ ಹುಡುಕಿ. ನಾನು ಮೇಲೆ ಸಾಲವೂ ಸೇರಿದ ಒಟ್ಟು ಸ್ವತ್ತಿನ ಮೇಲೆ ಹಿಡಿದಿದ್ದೇನೆ, ಬಹಳ ಫಂಡ್‌ಗಳಲ್ಲಿ ಇರುವುದೂ ಹಾಗೆಯೇ. ಹಾಗಿದ್ದಾಗ ‘ಶೇ. 1’ ಎಂಬುದು ನಿಮ್ಮ 20 ಡಾಲರ್ ಮೇಲೆ ಶೇ. 1.5. ಸಾಲ ತಗ್ಗಿಸಿದರೆ ವ್ಯವಸ್ಥಾಪಕರ ಶುಲ್ಕವೂ ತಗ್ಗುತ್ತದೆ ಎಂಬುದನ್ನು ನೆನಪಿಡಿ. ಸಾಲ ಲಾಭ ತರದ ಕಾಲದಲ್ಲೂ ಅದನ್ನು ತೀರಿಸಲು ಮನಸ್ಸಾಗದಿರುವುದಕ್ಕೆ ಇದೂ ಒಂದು ಕಾರಣ.

ಇನ್ನು 19(ಎ) ನೋಟಿಸ್. ಹಂಚಿಕೆಯಲ್ಲಿ ನಿವ್ವಳ ಆದಾಯವಲ್ಲದೆ ಬೇರೆ ಮೂಲದ ಹಣ ಸೇರಿದ್ದರೆ ಫಂಡ್ ಈ ನೋಟಿಸ್ ಕೊಡಲೇಬೇಕು. ಅದರಲ್ಲಿ ನಿವ್ವಳ ಆದಾಯ, ಅಲ್ಪಾವಧಿ ಲಾಭ, ದೀರ್ಘಾವಧಿ ಲಾಭ, ಬಂಡವಾಳ ವಾಪಸಾತಿ ಎಂದು ನಾಲ್ಕು ಬಾಬತ್ತು ಇರುತ್ತವೆ. ಆ ಅಂಕಿಗಳು ಅಂದಾಜು ಮಾತ್ರ. ತೆರಿಗೆಯ ಕೊನೆಯ ಲೆಕ್ಕ ವರ್ಷ ಮುಗಿದ ಮೇಲೆ ಬರುತ್ತದೆ. ‘ಬಂಡವಾಳ ವಾಪಸಾತಿ’ ಕಂಡ ಕೂಡಲೇ ಗಂಟು ಕರಗುತ್ತಿದೆ ಎಂದು ತೀರ್ಮಾನಿಸಬೇಡಿ. ಷೇರುಗಳ ಫಂಡ್ ತನ್ನ ಲಾಭವನ್ನು ನಗದು ಮಾಡದೆ ಹಂಚಿಕೆ ಕೊಟ್ಟರೂ ಅದೇ ಹೆಸರು ಬರುತ್ತದೆ, ಎನ್‌ಎವಿ ಮಾತ್ರ ಏರುತ್ತಿರಬಹುದು. ಪರೀಕ್ಷೆ ಒಂದೇ: ಐದು ವರ್ಷದ ಹಿಂದಿನ ಎನ್‌ಎವಿ, ಇಂದಿನ ಎನ್‌ಎವಿ, ನಡುವೆ ಕೊಟ್ಟ ಹಣ. ಉದಾಹರಣೆಗೆ 23 ಇದ್ದದ್ದು 20 ಆಗಿ, ವರ್ಷಕ್ಕೆ 1.68ರಂತೆ 8.40 ಕೊಟ್ಟಿದ್ದರೆ, ಫಂಡ್ ನಿಜವಾಗಿ ದುಡಿದದ್ದು ವರ್ಷಕ್ಕೆ ಹೆಚ್ಚುಕಡಿಮೆ ಶೇ. 5. ಹಂಚಿದ್ದು ಅದಕ್ಕಿಂತ ಬಹಳ ಹೆಚ್ಚು. ಅಂಥ ಹಂಚಿಕೆ ಇವತ್ತಲ್ಲ ನಾಳೆ ಕಡಿತವಾಗುತ್ತದೆ.

ತಾಳೆಪಟ್ಟಿ

ನಿಧಿಲೆಕ್ಕ ಅವರ ಲೆಕ್ಕಕ್ಕೆ ನನ್ನದೂ ಸಹಮತ. ‘ಸೋವಿಯೇ’ ಎಂಬುದಕ್ಕೆ ಬರುತ್ತೇನೆ.

ಶೇ. 15 ಡಿಸ್ಕೌಂಟ್ ಎಂಬ ಅಂಕಿಗೆ ಒಂಟಿಯಾಗಿ ಅರ್ಥವಿಲ್ಲ. ಈ ಫಂಡ್ ಐದು ವರ್ಷ ಸರಾಸರಿ ಶೇ. 13 ಡಿಸ್ಕೌಂಟ್‌ನಲ್ಲೇ ಓಡಾಡಿದ್ದು, ಏರಿಳಿತದ ಪ್ರಮಾಣಿತ ವಿಚಲನೆ 2 ಇದ್ದರೆ, ಇವತ್ತಿನ ಝಡ್-ಸ್ಕೋರ್ (ಸರಾಸರಿಯಿಂದ ಎಷ್ಟು ವಿಚಲನೆಯಷ್ಟು ದೂರ ಎಂಬ ಅಳತೆ) ಮೈನಸ್ 1. ಅದೇನೂ ಅಪರೂಪವಲ್ಲ. ಸದಾ ಎನ್‌ಎವಿ ಬೆಲೆಗೇ ಮಾರಾಟವಾಗುತ್ತಿದ್ದ ಇನ್ನೊಂದು ಫಂಡ್ ಈಗ ಶೇ. 9 ಡಿಸ್ಕೌಂಟ್‌ಗೆ ಬಂದಿದ್ದರೆ ಅದೇ ಹೆಚ್ಚು ಅಗ್ಗ. ಝಡ್-ಸ್ಕೋರ್ ಮೈನಸ್ 2ಕ್ಕಿಂತ ಕೆಳಗಿದ್ದರೆ ಕಣ್ಣಿಡಿ, ಆದರೆ ಕಾರಣವನ್ನೂ ಹುಡುಕಿ. ಈಚೆಗೆ ಹಂಚಿಕೆ ಕಡಿತ ಆಗಿದ್ದರೆ ಹಳೆಯ ಸರಾಸರಿಗೆ ಮರಳಬೇಕೆಂಬ ನಿಯಮವೇನಿಲ್ಲ.

ಹಳೆಯ ಎನ್‌ಎವಿ ನೋಡಲು ಸುಲಭದ ದಾರಿ: ಟಿಕ್ಕರ್‌ನ (ಪೇಟೆಯಲ್ಲಿ ಫಂಡ್‌ಗಿರುವ ಅಕ್ಷರ ಸಂಕೇತ) ಮುಂದೊಂದು, ಹಿಂದೊಂದು ಎಕ್ಸ್ ಅಕ್ಷರ ಸೇರಿಸಿ ಹುಡುಕಿದರೆ ಬಹುಪಾಲು ಫಂಡ್‌ಗಳ ಎನ್‌ಎವಿ ಸಿಗುತ್ತದೆ. ಎರಡೂ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು ನೋಡಿ.

ಪ್ರೀಮಿಯಂ (ಎನ್‌ಎವಿಗಿಂತ ಹೆಚ್ಚಿನ ಬೆಲೆ) ಕೊಟ್ಟು ಕೊಳ್ಳುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಬೇಡ. 2014ರ ಡಿಸೆಂಬರ್‌ನಲ್ಲಿ ಒಬಾಮ ಕ್ಯೂಬಾದೊಂದಿಗೆ ಸಂಬಂಧ ಸುಧಾರಣೆ ಪ್ರಕಟಿಸಿದಾಗ ಹರ್ಜ್‌ಫೆಲ್ಡ್ ಕೆರಿಬಿಯನ್ ಬೇಸಿನ್ ಫಂಡ್ ಡಿಸ್ಕೌಂಟ್‌ನಿಂದ ನೆಗೆದು ಶೇ. 70ರ ಹತ್ತಿರದ ಪ್ರೀಮಿಯಂಗೆ ಹೋಯಿತು. ಅದರ ಟಿಕ್ಕರ್ ‘ಕ್ಯೂಬಾ’ ಎಂದಿತ್ತು, ಅಷ್ಟೇ. ಒಳಗಿದ್ದದ್ದು ಬಹುತೇಕ ಕ್ಯೂಬಾದ ಹೊರಗಿನ ಕಂಪನಿಗಳ ಷೇರುಗಳೇ. 2024ರ ಮಾರ್ಚ್‌ನಲ್ಲಿ ಪೇಟೆಗೆ ಬಂದ ಡೆಸ್ಟಿನಿ ಟೆಕ್100 ಎಂಬ ಫಂಡ್, ಎನ್‌ಎವಿ ಸುಮಾರು 5 ಡಾಲರ್ ಇದ್ದಾಗ ಏಪ್ರಿಲ್‌ನಲ್ಲಿ 100 ಡಾಲರ್ ದಾಟಿತು. ಷೇರುಗಳ ಸಂಖ್ಯೆ ನಿಗದಿಯಾಗಿರುವುದರಿಂದ, ಬೇಡಿಕೆ ಬಂದಾಗ ಇಟಿಎಫ್‌ನಲ್ಲಿ ಆಗುವಂತೆ ಹೊಸ ಯೂನಿಟ್ ಹುಟ್ಟಿ ಬೆಲೆಯನ್ನು ಎನ್‌ಎವಿಗೆ ಎಳೆದು ತರುವುದಿಲ್ಲ. ಏರಿದ ಪ್ರೀಮಿಯಂ ಇಳಿಯುವಾಗ ಎನ್‌ಎವಿ ಒಂದು ಸೆಂಟ್ ಕದಲದಿದ್ದರೂ ನಿಮ್ಮ ಹಣ ಹೋಗುತ್ತದೆ.

ರೈಟ್ಸ್ ಆಫರ್ (ಇರುವ ಷೇರುದಾರರಿಗೆ ಕಡಿಮೆ ಬೆಲೆಗೆ ಹೊಸ ಷೇರು ಕೊಡುವುದು) ಕೂಡ ನೋಡಿಕೊಳ್ಳಿ. ಎನ್‌ಎವಿ 10 ಇರುವ ಫಂಡ್ ಮೂರು ಷೇರಿಗೆ ಒಂದರಂತೆ 8.50ಕ್ಕೆ ಕೊಟ್ಟರೆ, 30 ಡಾಲರಿಗೆ 8.50 ಸೇರಿ 38.50, ನಾಲ್ಕರಿಂದ ಭಾಗಿಸಿದರೆ 9.625. ಭಾಗವಹಿಸದವರು ಕೂತಲ್ಲೇ ಶೇ. 3.75 ಕಳೆದುಕೊಳ್ಳುತ್ತಾರೆ. ಹಕ್ಕು ವರ್ಗಾಯಿಸಬಹುದಾದದ್ದಾದರೆ ಅದನ್ನು ಪೇಟೆಯಲ್ಲಿ ಮಾರಿ ಒಂದಿಷ್ಟು ವಾಪಸ್ ಪಡೆಯಬಹುದು, ಇಲ್ಲದಿದ್ದರೆ ಅದೂ ಇಲ್ಲ. ಡಿಸ್ಕೌಂಟ್‌ನಲ್ಲಿದ್ದಾಗಲೂ ಪದೇ ಪದೇ ರೈಟ್ಸ್ ತರುವ ಫಂಡ್ ಕಂಡರೆ ಬಿಟ್ಟುಬಿಡಿ.

ಆಯವ್ಯಯ

ಇಬ್ಬರಿಗೂ ಧನ್ಯವಾದ. ಶೇ. 82ರ ವಿಷಯ ನನ್ನ ಗಮನಕ್ಕೇ ಬಂದಿರಲಿಲ್ಲ. ಹಾಗಾದರೆ ಬಡ್ಡಿ ಶೇ. 1 ಇಳಿದರೆ ಎಷ್ಟು ಸುಧಾರಿಸುತ್ತದೆ? ಪೇಟೆ ಕುಸಿದರೆ ಈ ಸಾಲ ಎಷ್ಟು ಅಪಾಯ?

ಬಡ್ಡಿಗಣಿತ

ಸಾಲದ ಬಡ್ಡಿ 5.4ರಿಂದ 4.4ಕ್ಕೆ ಇಳಿದರೆ 10 ಸೆಂಟ್ ಉಳಿತಾಯ. 1.38 ಹೋಗಿ 1.48 ಆಗುತ್ತದೆ, ಹಂಚಿಕೆಯ ಶೇ. 88. ಒಳ್ಳೆಯದೇ, ಆದರೆ ಕೊರತೆ ತುಂಬಲಿಲ್ಲ.

ಇದೇ ಫಂಡ್ ಸ್ಥಿರ ಬಡ್ಡಿಯ ಬಾಂಡ್ ಬದಲು ಬದಲಾಗುವ ಬಡ್ಡಿಯ ಬ್ಯಾಂಕ್ ಸಾಲಗಳನ್ನು ಇಟ್ಟುಕೊಂಡಿದ್ದರೆ? ಆಗ 10 ಡಾಲರ್ ಮೇಲೆ 10 ಸೆಂಟ್ ಉಳಿಯುತ್ತದೆ, 30 ಡಾಲರ್ ಮೇಲೆ 30 ಸೆಂಟ್ ಹೋಗುತ್ತದೆ. ನಿವ್ವಳ 1.18ಕ್ಕೆ ಬೀಳುತ್ತದೆ, ಶೇ. 70. ‘ಬಡ್ಡಿ ಇಳಿದರೆ ಕ್ಲೋಸ್ಡ್-ಎಂಡ್ ಫಂಡ್‌ಗೆ ಒಳ್ಳೆಯದು’ ಎಂಬ ಮಾತು ಎಲ್ಲಿ ಎಡವುತ್ತದೆ ಎಂದರೆ ಇಲ್ಲೇ. ಇಂಥ ಸಾಲಗಳನ್ನು ಹಿಡಿದ ಸೀನಿಯರ್ ಲೋನ್ ಫಂಡ್, ಸಿಎಲ್ಒ (ಇಂಥ ಸಾಲಗಳ ಗುಚ್ಛದ ಮೇಲೆ ಹೊರಡಿಸಿದ ಸಾಲಪತ್ರ) ಫಂಡ್‌ಗಳಿಗೆ ಅಲ್ಪಾವಧಿ ಬಡ್ಡಿ ಇಳಿಯುವುದೆಂದರೆ ಹಂಚಿಕೆ ಕಡಿತದ ಮುನ್ಸೂಚನೆ.

ಅದಲ್ಲದೆ ಫೆಡರಲ್ ರಿಸರ್ವ್ ಇಳಿಸುವುದು ಅಲ್ಪಾವಧಿ ದರವನ್ನು, ಬಾಂಡ್ ಬೆಲೆ ನಿರ್ಧಾರವಾಗುವುದು ಹೆಚ್ಚಾಗಿ ದೀರ್ಘಾವಧಿ ದರದ ಮೇಲೆ. 2024ರ ಕೊನೆಯ ಮೂರು ಸಭೆಗಳಲ್ಲಿ ಫೆಡ್ ಒಟ್ಟು ಶೇ. 1 ಇಳಿಸಿತು. ಅದೇ ಅವಧಿಯಲ್ಲಿ 10 ವರ್ಷದ ಸರ್ಕಾರಿ ಬಾಂಡ್ ದರ ಸುಮಾರು 3.6ರಿಂದ 4.5ರ ಮೇಲಕ್ಕೆ ಹೋಯಿತು. ದೀರ್ಘಾವಧಿ ಬಾಂಡ್ ಹಿಡಿದ ಫಂಡ್‌ಗಳಿಗೆ ಸಾಲ ಅಗ್ಗವಾಯಿತು, ಎನ್‌ಎವಿಗೆ ಪೆಟ್ಟೂ ಬಿತ್ತು. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ಸಾಲವನ್ನು ಸ್ವಾಪ್ (ಬದಲಾಗುವ ಬಡ್ಡಿಗೆ ಬದಲಾಗಿ ಸ್ಥಿರ ಬಡ್ಡಿ ಕೊಡುವ ಒಪ್ಪಂದ) ಮೂಲಕ ಸ್ಥಿರ ದರಕ್ಕೆ ಕಟ್ಟಿಹಾಕಿದ್ದಾರೆಯೇ ಎಂಬುದನ್ನೂ ಅರ್ಧವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ ನೋಡಿ. ಕಟ್ಟಿಹಾಕಿದ್ದರೆ ಬಡ್ಡಿ ಇಳಿಕೆಯ ಲಾಭ ತಡವಾಗಿ ಬರುತ್ತದೆ.

ಕುಸಿತದ ಲೆಕ್ಕ. 1940ರ ಇನ್ವೆಸ್ಟ್‌ಮೆಂಟ್ ಕಂಪನಿ ಕಾಯ್ದೆಯ ಪ್ರಕಾರ ಸಾಲ ಎತ್ತುವಾಗ ಒಟ್ಟು ಸ್ವತ್ತು ಸಾಲದ ಕನಿಷ್ಠ 3 ಪಟ್ಟು ಇರಬೇಕು. ಸಾಲದ ಬದಲು ಪ್ರಿಫರ್ಡ್ ಷೇರು (ನಿಗದಿತ ಡಿವಿಡೆಂಡ್ ಮೊದಲು ಪಡೆಯುವ ಷೇರು) ಹೊರಡಿಸಿದರೆ 2 ಪಟ್ಟು ಸಾಕು. ನಿಮ್ಮ ಫಂಡ್ ಸರಿಯಾಗಿ 3 ಪಟ್ಟಿನ ಅಂಚಿನಲ್ಲೇ ಇದೆ, ನನಗೆ ಇಷ್ಟವಾಗದ ಸಂಗತಿ ಇದೇ. ಬಾಂಡ್‌ಗಳು ಶೇ. 10 ಬಿದ್ದರೆ 30 ಹೋಗಿ 27. ಸಾಲ 10 ಕಳೆದರೆ ಎನ್‌ಎವಿ 17, ಅಂದರೆ ಶೇ. 15 ಇಳಿಕೆ. ಭಯದ ಪೇಟೆಯಲ್ಲಿ ಡಿಸ್ಕೌಂಟ್ 15ರಿಂದ 20ಕ್ಕೆ ಅಗಲವಾದರೆ ಬೆಲೆ 13.60. ಬಾಂಡ್ ಬಿದ್ದದ್ದು ಶೇ. 10, ನಿಮಗೆ ಬಿದ್ದ ಪೆಟ್ಟು ಶೇ. 20.

ಅಲ್ಲಿಗೇ ಮುಗಿಯುವುದಿಲ್ಲ. ಸ್ವತ್ತು ಈಗ ಸಾಲದ 2.7 ಪಟ್ಟು ಮಾತ್ರ. ಸಾಲ ಕೊಟ್ಟ ಬ್ಯಾಂಕಿನ ಕರಾರಿನಲ್ಲೂ ಸಾಮಾನ್ಯವಾಗಿ ಇಂಥದೇ ಮಿತಿ ಇರುತ್ತದೆ. 3 ಪಟ್ಟಿಗೆ ಮರಳಲು 1.50 ಡಾಲರಿನ ಬಾಂಡ್‌ಗಳನ್ನು ಬಿದ್ದ ಬೆಲೆಗೇ ಮಾರಿ ಸಾಲ ತೀರಿಸಬೇಕು. ಉಳಿಯುವುದು ಸ್ವತ್ತು 25.50, ಸಾಲ 8.50. ಪೇಟೆ ಪೂರ್ತಿ ಚೇತರಿಸಿದರೂ ಎನ್‌ಎವಿ 19.83ಕ್ಕೆ ನಿಲ್ಲುತ್ತದೆ, ಬಡ್ಡಿ ಆದಾಯವೂ ಶೇ. 5.5ರಷ್ಟು ಶಾಶ್ವತವಾಗಿ ಕುಗ್ಗಿರುತ್ತದೆ. ಒಂದು ಸಲಕ್ಕೆ ಇದು ಸಣ್ಣ ಮೊತ್ತ. 2008ರಂಥ ವರ್ಷದಲ್ಲಿ ಇದು ಮೇಲಿಂದ ಮೇಲೆ ನಡೆಯುತ್ತದೆ. ಆ ಅಕ್ಟೋಬರ್‌ನಲ್ಲಿ ಡಿಸ್ಕೌಂಟ್‌ಗಳು ಸರಾಸರಿ ಶೇ. 20ರ ಆಚೆ ಹೋಗಿದ್ದವು. ಶೇ. 25ರ ಆಸುಪಾಸು ಸಾಲವಿರುವ ಫಂಡ್‌ಗೆ ಉಸಿರಾಡಲು ಜಾಗ ಇರುತ್ತದೆ, ಶೇ. 33 ಇರುವುದಕ್ಕೆ ಇಲ್ಲ.

ಕಡತಪ್ರಿಯ

ಒಂದು ವಿಷಯ ಯಾರೂ ಎತ್ತಲಿಲ್ಲ: ಈ ಶೇ. 15 ಮುಚ್ಚುವುದಕ್ಕೆ ಕಾರಣವೇನಾದರೂ ಇದೆಯೇ? ಇಲ್ಲದಿದ್ದರೆ ಇವತ್ತು 15ರಲ್ಲಿ ಕೊಂಡು ಹತ್ತು ವರ್ಷದ ನಂತರ 15ರಲ್ಲೇ ಮಾರುತ್ತೀರಿ. ಆಗ ಡಿಸ್ಕೌಂಟ್‌ನಿಂದ ಸಿಗುವ ಲಾಭ ಒಂದೇ, 17 ಕೊಟ್ಟು 20ರ ಆದಾಯ ಪಡೆಯುವುದು. ಅದರಲ್ಲೂ ಸ್ವಲ್ಪ ಭಾಗವನ್ನು ಶುಲ್ಕ ತಿಂದಿರುತ್ತದೆ.

ಅತ್ಯಂತ ಗಟ್ಟಿ ಕಾರಣವೆಂದರೆ ಮುಕ್ತಾಯದ ದಿನಾಂಕ. ಮೂರು ವರ್ಷದಲ್ಲಿ ಮುಗಿಯುವ ಫಂಡ್ ಶೇ. 12 ಡಿಸ್ಕೌಂಟ್‌ನಲ್ಲಿ ಸಿಕ್ಕರೆ, ಎನ್‌ಎವಿಯ ಗಳಿಕೆಯ ಮೇಲೆ ವರ್ಷಕ್ಕೆ ಸುಮಾರು ಶೇ. 4.4 ಹೆಚ್ಚುವರಿ ಸಿಗುತ್ತದೆ. ಆದರೆ ಪ್ರಾಸ್ಪೆಕ್ಟಸ್ ಓದದೆ ನಂಬಬೇಡಿ. ಕೆಲವದರಲ್ಲಿ ಮಂಡಳಿ ಅವಧಿ ವಿಸ್ತರಿಸಬಹುದು. ಈಚಿನ ಹಲವು ಫಂಡ್‌ಗಳಲ್ಲಿ, ಪೂರ್ತಿ ಎನ್‌ಎವಿ ಬೆಲೆಗೆ ಒಂದು ಟೆಂಡರ್ ಆಫರ್ (ಷೇರುದಾರರಿಂದ ಷೇರು ಮರಳಿ ಕೊಳ್ಳುವ ಪ್ರಸ್ತಾಪ) ಕೊಟ್ಟು, ಸಾಕಷ್ಟು ಸ್ವತ್ತು ಉಳಿದರೆ ಫಂಡನ್ನು ಶಾಶ್ವತವಾಗಿ ಮುಂದುವರಿಸಲು ಅವಕಾಶವಿದೆ. ಆ ಟೆಂಡರ್‌ಗೆ ನೀವೇ ಅರ್ಜಿ ಹಾಕಬೇಕು. ಸುಮ್ಮನಿದ್ದರೆ ಡಿಸ್ಕೌಂಟ್ ಮತ್ತೆ ತೆರೆದುಕೊಂಡ ಫಂಡ್ ಕೈಯಲ್ಲಿ ಉಳಿಯುತ್ತದೆ. ಬ್ರೋಕರ್‌ನ ಕೊನೆಯ ದಿನ ಫಂಡ್‌ನ ಕೊನೆಯ ದಿನಕ್ಕಿಂತ ಮುಂಚೆ ಇರುತ್ತದೆ. ಇನ್ನೊಂದು, ಮುಕ್ತಾಯ ಹತ್ತಿರವಾದಂತೆ ಸಾಲ ತೀರಿಸಿ, ಅಲ್ಪಾವಧಿ ಬಾಂಡ್‌ಗೆ ಹೋಗುತ್ತಾರೆ, ಹಂಚಿಕೆ ಇಳಿಯುತ್ತದೆ. ಅದು ಕೆಟ್ಟ ಸುದ್ದಿಯಲ್ಲ, ಆದರೆ ಅದನ್ನು ಕಂಡು ಮಾರುವವರಿಂದಾಗಿ ಕೊಳ್ಳುವವರಿಗೆ ಕೆಲವೊಮ್ಮೆ ಅಗ್ಗದ ಬೆಲೆ ಸಿಗುತ್ತದೆ.

ಭಾಗಶಃ ಟೆಂಡರ್ ಬೇರೆ. ಶೇ. 25 ಷೇರುಗಳನ್ನು ಎನ್‌ಎವಿಯ ಶೇ. 98ಕ್ಕೆ ಕೊಳ್ಳುತ್ತೇವೆ ಎಂದಾಗ ಎಲ್ಲರೂ ಕೊಟ್ಟರೆ ನಿಮ್ಮ ಕಾಲು ಭಾಗ ಮಾತ್ರ ಸ್ವೀಕಾರ. ಉಳಿದದ್ದರ ಬೆಲೆ ಮರುದಿನವೇ ಇಳಿಯಬಹುದು.

ಮೂರನೆಯ ಕಾರಣ ಜಗಳಗಂಟ ಹೂಡಿಕೆದಾರರು, ಅಂದರೆ ದೊಡ್ಡ ಪಾಲು ಕೊಂಡು ಡಿಸ್ಕೌಂಟ್ ಮುಚ್ಚುವಂತೆ ಮಂಡಳಿಯ ಮೇಲೆ ಒತ್ತಡ ತರುವವರು. ಬೋಆಜ್ ವೈನ್‌ಸ್ಟೈನ್ ಅವರ ಹೆಡ್ಜ್ ಫಂಡ್ ಸಂಸ್ಥೆ ಸಬಾ ಕ್ಯಾಪಿಟಲ್ ಇವರಲ್ಲಿ ಪ್ರಮುಖ. ದೊಡ್ಡ ಪಾಲು ಹೊಂದಿದವರ ಮತ ಮೊಟಕುಗೊಳಿಸುವ ನಿಯಮವನ್ನು ನುವೀನ್ ಫಂಡ್‌ಗಳು ತಂದಾಗ, ಅದು 1940ರ ಕಾಯ್ದೆಗೆ ವಿರುದ್ಧ ಎಂದು ಅಮೆರಿಕದ ಎರಡನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿತು. ಬ್ರಿಟನ್ನಿನಲ್ಲಿ ಕಥೆ ಬೇರೆಯಾಯಿತು. 2025ರ ಆರಂಭದಲ್ಲಿ ಸಬಾ ಏಳು ಇನ್ವೆಸ್ಟ್‌ಮೆಂಟ್ ಟ್ರಸ್ಟ್‌ಗಳ (ಕ್ಲೋಸ್ಡ್-ಎಂಡ್ ಫಂಡ್‌ಗೆ ಅಲ್ಲಿನ ಹೆಸರು) ಮಂಡಳಿ ಬದಲಿಸಲು ಹೊರಟಾಗ ಏಳರಲ್ಲೂ ಷೇರುದಾರರು ತಿರಸ್ಕರಿಸಿದರು. ಆದರೂ ಅವುಗಳಲ್ಲಿ ಕೆಲವು ಆಮೇಲೆ ನಗದು ಪಡೆದು ಹೊರಹೋಗುವ ದಾರಿ ಕೊಟ್ಟವು. ಷೇರುದಾರರ ಪಟ್ಟಿಯಲ್ಲಿ ಇಂಥವರು ಇದ್ದಾರೆಯೇ ಎಂದು, ದೊಡ್ಡ ಪಾಲು ಹೊಂದಿದವರು ಸಲ್ಲಿಸುವ 13ಡಿ, 13ಜಿ ಕಡತಗಳಲ್ಲಿ ತಿಳಿಯುತ್ತದೆ. ಅವರಿರುವುದು ಒಳ್ಳೆಯ ಸೂಚನೆ, ಖಾತರಿ ಅಲ್ಲ.

ತಾಳೆಪಟ್ಟಿ

ಬ್ರಿಟನ್ ಮಾತು ಬಂದದ್ದಕ್ಕೆ ಒಂದು ಸೇರ್ಪಡೆ. ಅಲ್ಲಿನ ಟ್ರಸ್ಟ್‌ಗಳು ವರ್ಷದ ಆದಾಯದಲ್ಲಿ ಶೇ. 15ರವರೆಗೆ ಮೀಸಲಿಡಬಹುದು. ಸಿಟಿ ಆಫ್ ಲಂಡನ್ ಟ್ರಸ್ಟ್ 1966ರಿಂದ ಪ್ರತಿ ವರ್ಷ ಡಿವಿಡೆಂಡ್ ಏರಿಸುತ್ತಾ ಬಂದಿರುವುದಕ್ಕೆ ಈ ಮೀಸಲೂ ಒಂದು ಆಸರೆ. ಅಮೆರಿಕದ ಫಂಡ್ ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ತೆರಿಗೆಗೊಳಪಡುವ ಆದಾಯದ ಕನಿಷ್ಠ ಶೇ. 90 ಹಂಚಲೇಬೇಕು, ಹೆಚ್ಚು ಕೂಡಿಟ್ಟುಕೊಂಡರೆ ಅಬಕಾರಿ ತೆರಿಗೆಯ ಕಾಟ. ಹಾಗಾಗಿ ಅಮೆರಿಕದಲ್ಲಿ ಕಷ್ಟಕಾಲಕ್ಕೆ ಕೂಡಿಟ್ಟದ್ದು ಕಡಿಮೆ, ಕಡಿತ ಬೇಗ.

ಬಡ್ಡಿಗಣಿತ

ಮೂರನೇ ಪ್ರಶ್ನೆಯ ಉಳಿದ ಭಾಗ, ಅಂದರೆ ಒಟ್ಟು ಕ್ಷೇತ್ರದ ಮುನ್ನೋಟ.

ಅಮೆರಿಕದ ಪೇಟೆಯಲ್ಲಿ ಪಟ್ಟಿಯಾದ ಕ್ಲೋಸ್ಡ್-ಎಂಡ್ ಫಂಡ್‌ಗಳು 2011ರಲ್ಲಿ 600ಕ್ಕೂ ಹೆಚ್ಚಿದ್ದವು, 2023ರ ಕೊನೆಗೆ ಸುಮಾರು 400. ವಿಲೀನ, ಮುಕ್ತಾಯ, ಇಟಿಎಫ್ ಆಗಿ ಪರಿವರ್ತನೆ ಇವು ಮುಂದುವರಿಯುತ್ತವೆ. ಕವರ್ಡ್ ಕಾಲ್ (ಕೈಲಿರುವ ಷೇರಿನ ಮೇಲೆ ಆಪ್ಷನ್ ಮಾರುವುದು) ಆದಾಯ, ಸಿಎಲ್ಒ ಸಾಲಪತ್ರಗಳು ಈಗ ಡಿಸ್ಕೌಂಟ್ ಗೊಡವೆಯಿಲ್ಲದೆ, ಕಡಿಮೆ ಶುಲ್ಕಕ್ಕೆ ಇಟಿಎಫ್‌ನಲ್ಲೇ ಸಿಗುತ್ತವೆ. ಬರೀ ಆ ಕಾರಣಕ್ಕೆ ಕ್ಲೋಸ್ಡ್-ಎಂಡ್ ಫಂಡ್ ಕೊಳ್ಳುವ ಅಗತ್ಯ ಇನ್ನು ಕಾಣುತ್ತಿಲ್ಲ. ಹೊಸ ಹಣ ಇಂಟರ್ವಲ್ ಫಂಡ್‌ಗಳಿಗೆ ಹರಿಯುತ್ತಿದೆ. ಅವು ಪೇಟೆಯಲ್ಲಿ ಪಟ್ಟಿಯಾಗುವುದಿಲ್ಲ, ಪ್ರತಿ ಬಾರಿ ಶೇ. 5ರಿಂದ 25ರಷ್ಟು ಷೇರುಗಳನ್ನು ಎನ್‌ಎವಿಗೆ ಮರಳಿ ಕೊಳ್ಳುತ್ತವೆ. ಡಿಸ್ಕೌಂಟ್ ಕಾಣುವುದಿಲ್ಲ ನಿಜ. ಆದರೆ ಎಲ್ಲರೂ ಒಟ್ಟಿಗೆ ಹೊರಟರೆ ಶೇ. 5ರ ಬಾಗಿಲಲ್ಲಿ ಸಾಲು ನಿಲ್ಲಬೇಕು.

ಹೊಸ ಐಪಿಒಗಳು ವಿರಳ. ಹಿಂದೆ 20 ಡಾಲರ್ ಕೊಟ್ಟರೆ ಮಾರಾಟ ಕಮಿಷನ್ ಹೋಗಿ ಮೊದಲ ದಿನದ ಎನ್‌ಎವಿ ಸುಮಾರು 19 ಇರುತ್ತಿತ್ತು. ಈಗ ಆ ಖರ್ಚನ್ನು ಪ್ರಾಯೋಜಕರೇ ಹೊರುತ್ತಾರೆ, ಅವಧಿ ಸಾಮಾನ್ಯವಾಗಿ 12 ವರ್ಷ. ಆದರೂ ಪೇಟೆಗೆ ಬಂದ ಕೆಲವು ತಿಂಗಳಲ್ಲಿ ಡಿಸ್ಕೌಂಟ್‌ಗೆ ಜಾರುವುದು ನಿಂತಿಲ್ಲ. 2024ರ ಜುಲೈನಲ್ಲಿ ಪರ್ಶಿಂಗ್ ಸ್ಕ್ವೇರ್ ಯುಎಸ್ಎ ಎಂಬ ಫಂಡ್‌ನ ಐಪಿಒ 25 ಶತಕೋಟಿ ಡಾಲರಿನ ಮಾತಿನಿಂದ ಶುರುವಾಗಿ, 2 ಶತಕೋಟಿಗೆ ಇಳಿದು, ಕೊನೆಗೆ ಹಿಂತೆಗೆದುಕೊಂಡದ್ದು ಈ ಭಯದಿಂದಲೇ: ಇವತ್ತು ಎನ್‌ಎವಿಗೆ ಕೊಂಡದ್ದು ನಾಳೆ ಡಿಸ್ಕೌಂಟ್‌ಗೆ ಸಿಗುವಾಗ ಇವತ್ತೇಕೆ ಕೊಳ್ಳಬೇಕು?

ಉಳಿದಿರುವವುಗಳಲ್ಲಿ ನನಗೆ ಭರವಸೆ ಇರುವುದು ಸಾಲ ಪಡೆದ ಮುನಿಸಿಪಲ್ ಬಾಂಡ್ (ಅಮೆರಿಕದ ರಾಜ್ಯ, ನಗರಾಡಳಿತಗಳು ಹೊರಡಿಸುವ ಬಾಂಡ್) ಫಂಡ್‌ಗಳ ಮೇಲೆ. ಫೆಡ್ ದರ 2022ರ ಮಾರ್ಚ್‌ನ ಶೂನ್ಯದ ಹತ್ತಿರದಿಂದ 2023ರ ಜುಲೈಗೆ 5.25–5.50 ಆದಾಗ ಅವುಗಳ ಸಾಲದ ವೆಚ್ಚ ಬಾಂಡ್‌ಗಳ ಆದಾಯವನ್ನೇ ನುಂಗಿತು, ಹಂಚಿಕೆಗಳು ಒಂದರ ಹಿಂದೊಂದು ಕಡಿತವಾದವು. ಅಲ್ಪಾವಧಿ ದರ ದೀರ್ಘಾವಧಿ ದರಕ್ಕಿಂತ ಕೆಳಗೆ ಉಳಿದಷ್ಟು ದಿನ ಆ ಗಾಣ ಮತ್ತೆ ತಿರುಗುತ್ತದೆ. ಒಂದು ಎಚ್ಚರ: ಡಿಸ್ಕೌಂಟ್ ತಗ್ಗಿಸಲೆಂದು ಆದಾಯಕ್ಕಿಂತ ಹೆಚ್ಚು ಹಂಚಿಕೆ ಘೋಷಿಸಿದ ಮುನಿಸಿಪಲ್ ಫಂಡ್‌ಗಳೂ ಇವೆ. ಅವುಗಳಿಗೆ ನಿಧಿಲೆಕ್ಕ ಅವರ 23–20 ಪರೀಕ್ಷೆ ಮಾಡಿಯೇ ಮುಂದೆ ಹೋಗಿ.

ನಿಧಿಲೆಕ್ಕ

ಕೊನೆಗೆ ಆಯವ್ಯಯ ಅವರ ಫಂಡ್ ಬಗ್ಗೆ ನೇರ ಉತ್ತರ: ಈ ಅಂಕಿಗಳಲ್ಲಿ ನಾನಾದರೆ ಈಗ ಕೊಳ್ಳುವುದಿಲ್ಲ. ಆದಾಯ 1.38 ಇರುವಾಗ ಹಂಚಿಕೆ ತಿಂಗಳಿಗೆ 11.5 ಸೆಂಟ್‌ಗೆ ಇಳಿಯುವುದು ನ್ಯಾಯ. ಆಗಲೂ 17ರ ಮೇಲೆ ಶೇ. 8.1 ಸಿಗುತ್ತದೆ, ಕೆಟ್ಟದ್ದೇನಲ್ಲ. ಆದರೆ ಕಡಿತ ಘೋಷಣೆಯಾದ ದಿನ ಬೆಲೆ 17ರಲ್ಲಿ ನಿಲ್ಲುವುದಿಲ್ಲ, ಡಿಸ್ಕೌಂಟ್ ಇನ್ನಷ್ಟು ಅಗಲವಾಗುತ್ತದೆ. ಕಾದು, ಕಡಿತವಾದ ಮೇಲೆ ಕೊಂಡರೆ ಅದೇ ಸ್ವತ್ತು ಇನ್ನೂ ಅಗ್ಗಕ್ಕೆ ಬರುತ್ತದೆ, ಹಂಚಿಕೆಯೂ ಆದಾಯದೊಳಗೇ ಇರುತ್ತದೆ.

ಕೊಳ್ಳುವಾಗ ಮಾರ್ಕೆಟ್ ಆರ್ಡರ್ ಹಾಕಬೇಡಿ. ಹಲವು ಫಂಡ್‌ಗಳಲ್ಲಿ ದಿನದ ವಹಿವಾಟು ಕೆಲವೇ ಹತ್ತು ಸಾವಿರ ಷೇರು, ದೊಡ್ಡ ಆರ್ಡರ್ ಹೋದರೆ ಬೆಲೆಯೇ ಸರಿದುಬಿಡುತ್ತದೆ. ಲಿಮಿಟ್ ಆರ್ಡರ್ (ಇದಕ್ಕಿಂತ ಹೆಚ್ಚು ಬೆಲೆ ಬೇಡ ಎಂಬ ಮಿತಿ ಇರುವುದು) ಹಾಕಿ, ಮೂರು ನಾಲ್ಕು ಕಂತಿನಲ್ಲಿ ಕೊಳ್ಳಿ. ಎನ್‌ಎವಿ ಸಾಮಾನ್ಯವಾಗಿ ದಿನದ ಕೊನೆಗೆ ಒಮ್ಮೆ ಪ್ರಕಟವಾಗುತ್ತದೆ, ಹಾಗಾಗಿ ಪೇಟೆ ಜೋರಾಗಿ ಏರಿಳಿಯುವ ದಿನ ನಿಮಗೆ ಕಾಣುವ ಡಿಸ್ಕೌಂಟ್ ನಿನ್ನೆಯದು. ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ, ನಷ್ಟ ತೋರಿಸಿ ತೆರಿಗೆ ಉಳಿಸಲು ಮಾರುವವರು ಹೆಚ್ಚು. ಆ ವರ್ಷ ಎನ್‌ಎವಿ ಬಿದ್ದಿದ್ದ ಫಂಡ್‌ಗಳಲ್ಲಿ ಆಗ ಡಿಸ್ಕೌಂಟ್ ಅಗಲವಾಗುವುದುಂಟು, ಜನವರಿಯಲ್ಲಿ ಸ್ವಲ್ಪ ಮರಳುವುದೂ ಉಂಟು. ಪಟ್ಟಿ ಮಾಡಿಟ್ಟುಕೊಂಡು ಆ ವಾರಗಳಲ್ಲಿ ಕೆಳಗಿನ ಬೆಲೆಗೆ ಆರ್ಡರ್ ಇಟ್ಟು ಕಾಯಿರಿ.